ಮೂರು ಪುಟಾಣಿ ಡಾರ್ಟ್ ಗನ್, ಒಂದು ತಿಂಗಳ ಆಟ

ಬೇಸಿಗೆ ರಜೆಗೆ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಅವನಿಗೆ ಆರು ವರ್ಷ, ನನ್ನ ಮಗಳಿಗೆ ಒಂಬತ್ತು. ಇಬ್ಬರದೂ ಒಂದೇ ಹಟ, ಸ್ಪಂಜ್ ಬುಲೆಟ್ ಗನ್ ಬೇಕು ಅಂತ. ನಮ್ಮದು ಚಿಕ್ಕ ಫ್ಲಾಟ್. ತೋಳುದ್ದದ ಗನ್ ತಂದರೆ ಆಡುವುದಕ್ಕೂ ಜಾಗ ಇಲ್ಲ, ಎತ್ತಿಡುವುದಕ್ಕೂ ಇಲ್ಲ. ಹಾಗಾಗಿ ಚಿಕ್ಕದರಲ್ಲೇ ಮೂರು ಬಗೆ ತಂದು, ಒಂದು ತಿಂಗಳು ಇಬ್ಬರಿಗೂ ಕೊಟ್ಟು, ನಾನೂ ಕೂತು ಹೊಡೆದು ನೋಡಿದೆ.

ಬ್ರ್ಯಾಂಡ್ ಹೆಸರು ಹೇಳುವುದಿಲ್ಲ, ಅಂಗಡಿಯಲ್ಲಿ ಆಕಾರ ನೋಡಿದರೇ ಯಾವುದು ಅಂತ ಗೊತ್ತಾಗುತ್ತದೆ. ಒಂದು, ಅಂಗೈ ಅಗಲದ ಒಂಟಿ ನಳಿಗೆಯದು, ಸಲಕ್ಕೆ ಒಂದೇ ಡಾರ್ಟ್, ಅಂದರೆ ಸ್ಪಂಜಿನ ಬುಲೆಟ್. ಇನ್ನೊಂದು ಹೆಚ್ಚುಕಮ್ಮಿ ಅಷ್ಟೇ ಗಾತ್ರ, ಆದರೆ ಮುಂದೆ ಮೂರು ನಳಿಗೆ. ಮತ್ತೊಂದು ರಿವಾಲ್ವರ್ ಥರ ಆರು ಡಾರ್ಟಿನ ಡ್ರಮ್ ಇರುವುದು. ಇದು ಸ್ವಲ್ಪ ದಪ್ಪ, ಆದರೂ ಸ್ಕೂಲ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಮೂರಕ್ಕೂ ಹಾಕುವುದು ಒಂದೇ ಬಗೆಯ ಡಾರ್ಟ್, ಸುಮಾರು 7.2 ಸೆಂ.ಮೀ. ಉದ್ದ, 1.3 ಸೆಂ.ಮೀ. ದಪ್ಪ. ಇಂಥ ಆಟಿಕೆ ಗನ್ನುಗಳ ಹೆಸರಾಂತ ಬ್ರ್ಯಾಂಡ್ ನರ್ಫ್‌ನವರ ಎಲೈಟ್ ಸರಣಿ 2012ರಲ್ಲಿ ಬಂತಲ್ಲ, ಅದರ ಅಳತೆ ಇದು. ಬೇರೆಯವರು ಮಾಡುವ ಡಾರ್ಟುಗಳೂ ಈಗ ಹೆಚ್ಚಾಗಿ ಇದೇ ಅಳತೆಯಲ್ಲಿ ಸಿಗುತ್ತವೆ. ಇದೊಂದು ದೊಡ್ಡ ಅನುಕೂಲ, ಡಾರ್ಟ್ ಕಳೆದುಹೋಗುವುದು ಗ್ಯಾರಂಟಿ.

ಮೊದಲು ದೂರದ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಇಂಥ ಗನ್ನಿನ ಪೆಟ್ಟಿಗೆಗಳ ಮೇಲೆ 27 ಮೀಟರ್, ಅಂದರೆ 90 ಅಡಿ ತನಕ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಅಷ್ಟು ದೂರ ಹೋಗಬೇಕಾದರೆ ಗನ್ನನ್ನು ಮೇಲಕ್ಕೆ ಎತ್ತಿ ಹೊಡೆಯಬೇಕು. ಮನೆಯೊಳಗೆ ಹಾಗೆ ಹೊಡೆದರೆ ಡಾರ್ಟ್ ಸೀಲಿಂಗಿಗೆ ತಗುಲಿ ಕಾಲಬುಡಕ್ಕೆ ಬೀಳುತ್ತದೆ ಅಷ್ಟೆ. ನಮ್ಮ ಕಾರಿಡಾರಿನ ಟೈಲ್ಸ್ ಎರಡಡಿ ಅಗಲದವು, ಅವನ್ನೇ ಅಳತೆಗೋಲು ಮಾಡಿಕೊಂಡೆ. ಮಗಳ ಎದೆಯ ಎತ್ತರದಿಂದ ನೇರಕ್ಕೆ ಹೊಡೆದಾಗ ಒಂಟಿ ನಳಿಗೆಯ ಡಾರ್ಟ್ ಹನ್ನೆರಡನೇ ಟೈಲ್ಸಿನ ಹತ್ತಿರ ನೆಲ ಮುಟ್ಟಿತು. ಡ್ರಮ್ಮಿನದು ಹತ್ತು, ಹನ್ನೊಂದು. ಮೂರು ನಳಿಗೆಯದು ಎಂಟು ದಾಟಲು ಒದ್ದಾಡಿತು.

ಯಾಕೆ ಹೀಗೆ ಅಂತ ಒಳಗಿನ ಕೆಲಸ ನೋಡಿದರೆ ಅರ್ಥವಾಗುತ್ತದೆ. ಇವುಗಳಲ್ಲಿ ಬ್ಯಾಟರಿ ಇಲ್ಲ. ಹಿಡಿಯನ್ನು ಎಳೆದರೆ ಒಳಗಿನ ಪಿಸ್ಟನ್ ಹಿಂದಕ್ಕೆ ಬಂದು ಸ್ಪ್ರಿಂಗ್ ಬಿಗಿಯಾಗುತ್ತದೆ, ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದು ತಳ್ಳಿದ ಗಾಳಿ ಡಾರ್ಟಿನ ಟೊಳ್ಳು ಹಿಂಭಾಗಕ್ಕೆ ಬಡಿದು ಅದನ್ನು ಹಾರಿಸುತ್ತದೆ. ಸೈಕಲ್ ಪಂಪಿನ ಬಾಯಿಗೆ ಕಾಗದದ ಉಂಡೆ ಇಟ್ಟು ಒತ್ತಿದ ಹಾಗೆ. ಒಂಟಿ ನಳಿಗೆಯಲ್ಲಿ ಇರುವ ಗಾಳಿಯೆಲ್ಲ ಒಂದೇ ಡಾರ್ಟಿಗೆ. ಮೂರು ನಳಿಗೆಯಲ್ಲಿ ಗಾಳಿಗೆ ದಾರಿ ತೋರಿಸಬೇಕು. ಅದಕ್ಕೆ ಪ್ರತಿ ನಳಿಗೆಯ ಬುಡದಲ್ಲೂ ಒಂದು ಪುಟ್ಟ ಕವಾಟ ಇರುತ್ತದೆ. ಡಾರ್ಟ್ ಕೂತಿದ್ದರೆ ಕವಾಟ ತೆರೆದಿರುತ್ತದೆ, ಡಾರ್ಟ್ ಹೋದ ಮೇಲೆ ಮುಚ್ಚಿಕೊಳ್ಳುತ್ತದೆ, ಆಗ ಗಾಳಿ ಮುಂದಿನ ನಳಿಗೆಗೆ ತಿರುಗುತ್ತದೆ. ಬುದ್ಧಿವಂತಿಕೆಯ ಏರ್ಪಾಡು, ಒಪ್ಪುತ್ತೇನೆ. ಆದರೆ ಅಷ್ಟು ಇಕ್ಕಟ್ಟಿನಲ್ಲಿ ನುಸುಳುವಾಗ ಗಾಳಿಯ ಜೋರು ಕಡಿಮೆಯಾಗುತ್ತದೆ. ನಮ್ಮ ಗನ್ನಿನಲ್ಲಿ ಇನ್ನೊಂದು ತಾಪತ್ರಯವೂ ಇತ್ತು. ಡಾರ್ಟಿನ ಬಾಲ ಸ್ವಲ್ಪ ಜಜ್ಜಿಹೋಗಿದ್ದರೆ ಕವಾಟ ಪೂರ್ತಿ ತೆರೆಯುತ್ತಿರಲಿಲ್ಲ, ಟ್ರಿಗರ್ ಒತ್ತಿದರೆ 'ಪುಸ್' ಅಂತ ಶಬ್ದ ಬಂದು ಡಾರ್ಟ್ ಅಲ್ಲೇ ಕೂತಿರುತ್ತಿತ್ತು.

ಆದರೆ ದೂರಕ್ಕಿಂತ ನನಗೆ ಮುಖ್ಯ ಅನಿಸಿದ್ದು ಎಳೆಯುವ ಭಾರ. ಇದನ್ನು ಯಾವ ಪೆಟ್ಟಿಗೆಯ ಮೇಲೂ ನಾನು ನೋಡಲಿಲ್ಲ. ಮೊದಲ ದಿನ ಹುಡುಗ ಮೂರು ನಳಿಗೆಯ ಗನ್ ಹಿಡಿದುಕೊಂಡು ಐದೈದು ನಿಮಿಷಕ್ಕೆ ನನ್ನ ಹತ್ತಿರ ಬರುತ್ತಿದ್ದ, "ಮಾಮ, ಎಳ್ದು ಕೊಡು" ಅಂತ. ಮೂರು ಸಲ ಎಳೆದು ಕೊಟ್ಟರೆ ಮೂರು ಡಾರ್ಟ್ ಖಾಲಿ, ಮತ್ತೆ ಮಾಮನೇ ಬೇಕು. ಅದು ಅವನ ಆಟವೇ ಆಗಲಿಲ್ಲ. ಆಮೇಲೆ ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಮೂರನ್ನೂ ಎಳೆದು ನೋಡಿದೆ. ಒಂಟಿ ನಳಿಗೆಯದು ಸುಮಾರು ನಾಲ್ಕು ಕೆ.ಜಿ., ಡ್ರಮ್ಮಿನದು ಐದರ ಹತ್ತಿರ, ಮೂರು ನಳಿಗೆಯದು ಐದೂವರೆ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ ಆರು ವರ್ಷದ ಬೆರಳುಗಳಿಗೆ ಅದೇ ಎಲ್ಲ. ಒಂಟಿ ನಳಿಗೆಯದನ್ನು ಅವನು ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹಿಡಿ ಎಳೆದು, 'ಟಕ್' ಅಂತ ಕೂತಾಗ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಆಗಲೇ ನನ್ನ ಮನಸ್ಸಿನಲ್ಲಿ ತೀರ್ಮಾನ ಅರ್ಧ ಆಗಿತ್ತು.

ಡ್ರಮ್ ಗನ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಕೈಯಲ್ಲಿ ಹಿಡಿದರೆ ಮೂರರಲ್ಲೂ ಚೆಂದ ಅದೇ. ಹಿಡಿ ತುಂಬಿಕೊಂಡಿದೆ, ಗುರಿ ನಿಲ್ಲುತ್ತದೆ, ಡ್ರಮ್ ಪಕ್ಕಕ್ಕೆ ತೆರೆದು ಡಾರ್ಟ್ ತುಂಬುವುದು ಸಲೀಸು. ಆರು ಸ್ಟೀಲ್ ಲೋಟ ಸಾಲಾಗಿ ಇಟ್ಟು ಹೊಡೆದರೆ ನಾಲ್ಕನ್ನು ಮಗಳು ಬೀಳಿಸುತ್ತಿದ್ದಳು, ಬೇರೆ ಯಾವುದರಲ್ಲೂ ಅವಳಿಗೆ ಅಷ್ಟು ಆಗಲಿಲ್ಲ. ದೊಡ್ಡ ಮಕ್ಕಳಿಗೆ, ಬಯಲಿನಲ್ಲಿ ಆಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಒಂದು ದಿನ ಹುಡುಗ ಇನ್ನೆಷ್ಟು ಡಾರ್ಟ್ ಉಳಿದಿದೆ ಅಂತ ನೋಡಲು ಗನ್ನಿನ ಬಾಯನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡ. ಸ್ಪ್ರಿಂಗ್ ಬಿಗಿಯಾಗಿತ್ತು. ನನ್ನ ಎದೆ ಧಸಕ್ ಅಂತು. ಅವನ ತಪ್ಪೇನೂ ಇಲ್ಲ, ಡ್ರಮ್ಮಿನ ಡಾರ್ಟುಗಳು ಮುಂದಿನಿಂದ ನೋಡಿದರೆ ಮಾತ್ರ ಕಾಣುವ ಹಾಗಿದ್ದವು. ಮೂರು ನಳಿಗೆಯದರಲ್ಲೂ ಇದೇ ಕಥೆ. ಒಂಟಿಯಲ್ಲಿ ಡಾರ್ಟಿನ ತಲೆ ಸ್ವಲ್ಪ ಹೊರಗೆ ಇಣುಕುತ್ತದೆ, ಪಕ್ಕದಿಂದಲೇ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸ್ಪಂಜ್ ತಾನೇ, ಏನಾಗುತ್ತೆ ಅನ್ನುವವರಿಗೆ ಒಂದು ಮಾತು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು 2017ರಲ್ಲಿ ಇಂಥ ಡಾರ್ಟ್ ಕಣ್ಣಿಗೆ ಬಡಿದ ಮೂವರ ಬಗ್ಗೆ ಬರೆದರು. ಇಬ್ಬರು ದೊಡ್ಡವರು, ಒಬ್ಬ ಹನ್ನೊಂದು ವರ್ಷದ ಹುಡುಗ. ಮೂವರಿಗೂ ಕಣ್ಣಿನೊಳಗೆ ರಕ್ತ ಬಂದಿತ್ತು. ಹುಡುಗ ಗನ್ ಮುಖಕ್ಕೆ ತಿರುಗಿಸಿಕೊಂಡ ದಿನವೇ ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ವೆಲ್ಡಿಂಗ್‌ನದಲ್ಲ, ಪಾರದರ್ಶಕವಾದ ಸೇಫ್ಟಿ ಕನ್ನಡಕ ಎರಡು ತಂದೆ. ಕನ್ನಡಕ ಇಲ್ಲ ಅಂದರೆ ಗನ್ ಇಲ್ಲ, ಇದರಲ್ಲಿ ರಿಯಾಯಿತಿ ಇಲ್ಲ. ಇನ್ನೊಂದು, ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ ಆಗಿದ್ದು 2021ರ ಜನವರಿ 1ರಿಂದ. ಪೆಟ್ಟಿಗೆ ತಿರುಗಿಸಿ ನೋಡಿ, ಗುರುತು ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಒಂಟಿ ನಳಿಗೆಯದು ಕುಂದಿಲ್ಲದ್ದು ಅಂತಲ್ಲ. ಪ್ರತಿ ಸಲ ತುಂಬಬೇಕು, ಎಳೆಯಬೇಕು. ಹೆಚ್ಚುವರಿ ಡಾರ್ಟ್ ಸಿಕ್ಕಿಸಿಕೊಳ್ಳಲು ಜಾಗ ಇಲ್ಲ, ಮಕ್ಕಳು ಚಡ್ಡಿ ಜೇಬಿಗೆ ತುರುಕಿ ಅದು ಚಪ್ಪಟೆಯಾಗುತ್ತದೆ. ಹಿಡಿ ಎಷ್ಟು ಗಿಡ್ಡ ಅಂದರೆ ನನ್ನ ಕೈಯಲ್ಲಿ ಕೊನೆಯ ಎರಡು ಬೆರಳು ಗಾಳಿಯಲ್ಲೇ ಉಳಿಯುತ್ತವೆ. ಡಾರ್ಟನ್ನು ಪೂರ್ತಿ ಒಳಗೆ ಒತ್ತದೆ ಬಿಟ್ಟರೆ ಗನ್ ಕೆಳಗೆ ಬಾಗಿಸಿದಾಗ ಜಾರಿ ಬೀಳುತ್ತದೆ. ಆರು ಡಾರ್ಟಿನ ಗನ್ ಹಿಡಿದವರ ಎದುರು ಇದನ್ನು ಹಿಡಿದು ನಿಂತರೆ ಸೋಲು ಖಂಡಿತ, ಅದೂ ನಿಜ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಒಂಟಿ ನಳಿಗೆಯದನ್ನೇ ಇನ್ನೊಂದು ತಂದೆ, ಇಬ್ಬರ ಕೈಯಲ್ಲೂ ಒಂದೇ ಥರದ್ದು, ಜಗಳ ನಿಂತಿತು. ಒಂದೇ ಡಾರ್ಟ್ ಇರುವುದರಿಂದ ಹೊಡೆದವರು ಓಡಿಹೋಗಿ ಅದನ್ನು ತರಬೇಕು, ಅಷ್ಟರಲ್ಲಿ ಎದುರಿನವರ ಸರದಿ. ಈ ಓಡಾಟವೇ ಅವರಿಗೆ ಆಟ ಆಗಿಬಿಟ್ಟಿದೆ. ಮೂರು ನಳಿಗೆಯದನ್ನು ಅಂಗಡಿಯವರು ಬದಲಾಯಿಸಿ ಕೊಟ್ಟರು, ಅದರ ಬದಲು ಇಪ್ಪತ್ತು ಡಾರ್ಟಿನ ಪ್ಯಾಕೆಟ್ ತಂದೆ. ಡ್ರಮ್ಮಿನದು ಬೀರುವಿನ ಮೇಲಿದೆ. ಭಾನುವಾರ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವಾಗ ಇಳಿಸುತ್ತೇನೆ, ಲೋಟಗಳ ಜೊತೆಗೆ.