ಸೊಂಟನೋವಿಗೆ ನಡಿಗೆಯೋ, ಈಜೋ?

ಸೊಂಟನೋವಿದ್ದರೂ ಸುಮ್ಮನೆ ಕೂರಲಾರದ ಉಡುಪಿಯ ಗೆಳೆಯರೊಬ್ಬರು ನಡಿಗೆ, ಈಜು ಇವೆರಡರಲ್ಲಿ ಯಾವುದು ತಕ್ಕುದೆಂದು ಕೇಳಿದ್ದಾರೆ. ಖರ್ಚಿನ ಮಾತಾದರೆ ನಡಿಗೆಗೆ ಒಳ್ಳೆಯ ಶೂ ಸಾಕು. ಅಜ್ಜರಕಾಡಿನ ಈಜುಕೊಳಕ್ಕೆ ಹೋಗುವವರು ಸಮಯವನ್ನೂ ಹೊಂದಿಸಿಕೊಳ್ಳಬೇಕು. ಬೆನ್ನಿನ ಮೇಲಿನ ಭಾರವನ್ನು ನೋಡಿದರೆ ನೀರೇ ಮೇಲು: ಎದೆಮಟ್ಟದ ನೀರು ಮೈಭಾರದ ಬಹುಪಾಲನ್ನು ತಾನೇ ಹೊರುವುದರಿಂದ, ಹೆಜ್ಜೆ ಹೆಜ್ಜೆಗೂ ನೋಯುವವರು ಅಲ್ಲಿಂದ ಆರಂಭಿಸಬಹುದು. ಆದರೆ ತಲೆಯೆತ್ತಿಕೊಂಡೇ ಈಜಿದರೆ ಸೊಂಟ ಹಿಂದಕ್ಕೆ ಬಾಗಿ ನೋವು ಹೆಚ್ಚೀತು. ಅಂಗಾತ ಈಜು ಹಲವರಿಗೆ ಹಿತ. ಮಲ್ಪೆಯಲ್ಲಿ ನಡೆಯುವವರು ಅಲೆಯಂಚಿನ ಇಳಿಜಾರನ್ನು ಬಿಟ್ಟು ಸಮತಟ್ಟಾದ ಗಟ್ಟಿ ಮರಳನ್ನು ಹುಡುಕಬೇಕು, ಇಲ್ಲವಾದರೆ ಒಂದು ಕಾಲು ತಗ್ಗಿನಲ್ಲೇ ಉಳಿದು ಸೊಂಟ ವಾಲುತ್ತದೆ. ಕೂತರೆ ಹೆಚ್ಚುವ, ಓಡಾಡಿದರೆ ಇಳಿಯುವ ನೋವಿಗೆ ನನ್ನ ಮತ ನಡಿಗೆಗೇ. ಕಾಲು ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಎರಡನ್ನೂ ಬಿಟ್ಟು ತಕ್ಷಣ ವೈದ್ಯರನ್ನು ಕಾಣಬೇಕು.