ಜನ ಹೇಳೋದು ಒಂದು, ಸೈಟ್ ಹೇಳೋದು ಇನ್ನೊಂದು: ಚರ್ಚಿನ ವೆಬ್‌ಸೈಟ್ ಜೊತೆ ಆರು ವರ್ಷ

ಈ ಸೈಟಿನ ಸರ್ಚ್ ಬಾಕ್ಸ್‌ನಲ್ಲಿ ‘ಜ್ಞಾನಸ್ನಾನ’ ಅಂತ ಟೈಪ್ ಮಾಡಿ. ಏನೂ ಸಿಗುವುದಿಲ್ಲ. ‘ದೀಕ್ಷಾಸ್ನಾನ’ ಅಂತ ಹೊಡೆಯಿರಿ. ಫಾರಂ, ನಿಯಮ, ಪ್ರಶ್ನೋತ್ತರ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಎರಡೂ ಒಂದೇ, ಕ್ರೈಸ್ತರಾಗಿ ಸೇರಿಸಿಕೊಳ್ಳುವಾಗ ನೀರಿನಿಂದ ಮಾಡುವ ಸಂಸ್ಕಾರ (ಬ್ಯಾಪ್ಟಿಸಂ) ಅಂತ ನನಗೆ ಗೊತ್ತಾಗಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನಾಲ್ಕು ಜನರನ್ನು ‘ಸೈಟಲ್ಲಿ ಇಲ್ಲ’ ಅಂತ ವಾಪಸ್ ಕಳಿಸಿದ್ದೆ.

ನನ್ನದು ಬಸ್ ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮೆಷಿನ್. ಕಾಂಪೌಂಡ್ ಆಚೆಗೆ ಚರ್ಚ್. ನಾನು ಕ್ರೈಸ್ತಳಲ್ಲ. ಆದರೆ ಅವರ ಧರ್ಮಪ್ರಾಂತ್ಯದ (ಅಂದರೆ ಒಬ್ಬ ಬಿಷಪ್ ಕೈಕೆಳಗೆ ಬರುವ ಪ್ರದೇಶದ) ವೆಬ್‌ಸೈಟನ್ನು ನನ್ನಷ್ಟು ತೆರೆದವರು ಊರಲ್ಲಿ ಇನ್ನೊಬ್ಬರಿಲ್ಲ ಅನ್ನಿಸುತ್ತದೆ. ಯಾವ ಧರ್ಮಪ್ರಾಂತ್ಯ ಅಂತ ಹೇಳುವುದಿಲ್ಲ. ಫಾದರ್ ಪ್ರಿಂಟ್ ತೆಗೆಸಲು ನನ್ನ ಅಂಗಡಿಗೇ ಬರುತ್ತಾರೆ, ಸುಮ್ನೆ ಯಾಕೆ.

ಮತ್ತೆ ಆ ಸರ್ಚ್ ಬಾಕ್ಸ್ ವಿಷಯಕ್ಕೇ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ. ಕರಾವಳಿ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು ‘ಇಗರ್ಜಿ ಎಲ್ಲಿ?’ ಅನ್ನುತ್ತಾರೆ. ತಮಿಳು ಮನೆಯವರು ‘ಮಾತಾ ಕೋವಿಲ್’ ಅನ್ನುತ್ತಾರೆ. ಉಳಿದವರು ಚರ್ಚ್ ಅನ್ನುತ್ತಾರೆ. ಸೈಟ್ ಮಾತ್ರ ‘ದೇವಾಲಯ’ ಅನ್ನುತ್ತದೆ. ಚರ್ಚಿನಲ್ಲಿ ನಡೆಯುವ ಮುಖ್ಯ ಆರಾಧನೆ ಕೊಂಕಣಿಯವರಿಗೆ ಮೀಸ್, ಕೂಲಿಗೆ ಹೋಗುವ ಹೆಂಗಸರಿಗೆ ಪೂಜೆ, ಸೈಟಿಗೆ ‘ದಿವ್ಯಬಲಿಪೂಜೆ’. ಅದೂ ನಡುವೆ ಜಾಗ ಬಿಟ್ಟು ಟೈಪ್ ಮಾಡಿದರೆ ಸಿಗುವುದಿಲ್ಲ! ಬಿಷಪ್ ಅಂತ ಹುಡುಕಿದರೆ ಸೊನ್ನೆ, ‘ಧರ್ಮಾಧ್ಯಕ್ಷರು’ ಅನ್ನಬೇಕು. ಇದನ್ನು ಮಾಡಿದವರು ಒಳ್ಳೆಯ ಕನ್ನಡ ಬಲ್ಲವರು, ಅನುಮಾನವೇ ಇಲ್ಲ. ಕೌಂಟರಿನಲ್ಲಿ ಕೂತವರಲ್ಲ, ಅಷ್ಟೇ.

ಹಾಗಾಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ನಡುವೆ ಗೆರೆ. ಎಡಗಡೆ ಜನ ಹೇಳೋದು, ಬಲಗಡೆ ಸೈಟ್ ಹೇಳೋದು. ಕೀಬೋರ್ಡ್ ಪಕ್ಕದಲ್ಲೇ ಇರುತ್ತದೆ. ನಾನಿಲ್ಲದಾಗ ಅಂಗಡಿ ನೋಡಿಕೊಳ್ಳುವ ಹುಡುಗನೂ ಅದನ್ನೇ ನೋಡಿ ಹುಡುಕುತ್ತಾನೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನವರು ಬಂದರೆ ಈ ಸೈಟ್ ತೆರೆಯಲೇಬೇಡ ಅಂತ ಮೊದಲ ಪುಟದಲ್ಲೇ ಕೆಂಪು ಪೆನ್ನಲ್ಲಿ ಬರೆದಿದ್ದೇನೆ. ಅವರದು ಬೇರೆ ಸಂಸ್ಥೆ, 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಆಗಿದ್ದು. ಇದು ಕ್ಯಾಥೋಲಿಕರದು. ಸೈಟಿನ ಮುಖಪುಟದಲ್ಲಿ ಈ ಒಂದು ಮಾತು ದೊಡ್ಡದಾಗಿ ಹಾಕಿದ್ದರೆ ನನ್ನ ಎಷ್ಟೋ ಮಧ್ಯಾಹ್ನಗಳು ಉಳಿಯುತ್ತಿದ್ದವು.

ಫಾರಂಗಳ ಮೇಲಿರುವ ಕಡುನೇರಳೆ ಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಪ್ರಿಂಟಿಗೆ ನಾನು ತಗೊಳ್ಳುವುದು ಐದು ರೂಪಾಯಿ, ಅದರಲ್ಲಿ ಎರಡು ರೂಪಾಯಿ ಟೋನರ್ ಆ ಪಟ್ಟಿಗೇ ಹೋಗುತ್ತದೆ. ಈಗ ಒಂದೇ ಒಂದು ಪ್ರಿಂಟ್ ತೆಗೆದು, ಜೆರಾಕ್ಸ್ ಗಾಜಿನ ಮೇಲೆ ಪಟ್ಟಿಗೆ ಸರಿಯಾಗಿ ಬಿಳಿ ಹಾಳೆ ಮುಚ್ಚಿ ನೂರು ಕಾಪಿ ಮಾಡಿಟ್ಟುಕೊಂಡಿದ್ದೇನೆ. ಚರ್ಚ್ ಆಫೀಸಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಪಕ್ಕದ ಹೋಟೆಲಿನಿಂದ ಟೀ ಬರುತ್ತದೆ. ಟೀ ಕುಡಿಯುತ್ತಾ ಸೈಟ್ ತೆರೆಯುತ್ತೇನೆ, ಭಾನುವಾರದ ಪೂಜೆ ವೇಳೆ ನೋಡುತ್ತೇನೆ. ಮಗಳ ಹಳೇ ಸ್ಲೇಟು ಒರೆಸಿ ಬರೆಯುತ್ತೇನೆ: ಆರೂವರೆ ಕನ್ನಡ, ಎಂಟು ಕೊಂಕಣಿ. ಅಂಗಡಿ ಮುಂದೆ ನೇತು ಹಾಕುತ್ತೇನೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಎಸ್ಟೇಟಿನಿಂದ ಬರುವವರು, ಹೊಸದಾಗಿ ಊರಿಗೆ ಬಂದ ನರ್ಸ್‌ಗಳು ಬಸ್ ಇಳಿದು ಅದನ್ನು ಓದಿಕೊಂಡು ಹೋಗುತ್ತಾರೆ. ಕೆಲವರು ಓದಿ, ಒಂದು ರೀಚಾರ್ಜ್ ಕೂಡ ಮಾಡಿಸುತ್ತಾರೆ.

ಒಂದು ವರ್ಷ ಗುಡ್ ಫ್ರೈಡೇಗೂ ಬರೆದೆ. ಸೈಟಿನ ಶುಕ್ರವಾರದ ಕಾಲಂನಲ್ಲಿ ಬೆಳಗ್ಗೆ ಆರೂವರೆ ಅಂತ ಇತ್ತು, ಹಾಗೇ ಬರೆದೆ. ಬೆಳಗ್ಗೆ ಒಬ್ಬರು ಅಜ್ಜಿ ಬಂದು ಸ್ಲೇಟನ್ನು ನೋಡಿ ನಕ್ಕರು. ‘ಇವತ್ತು ಪೂಜೆ ಇರಲ್ಲ ಮಗಾ. ಮಧ್ಯಾಹ್ನ ಯೇಸುವಿನ ಪಾಡು ಓದ್ತಾರೆ, ಶಿಲುಬೆಗೆ ಮುತ್ತಿಡ್ತೀವಿ. ಪ್ರಸಾದನೂ ನಿನ್ನೆ ಪೂಜೇಲಿ ಇಟ್ಟಿದ್ದೇ ಕೊಡೋದು.’ ನಾನು ಒರೆಸಿಬಿಟ್ಟೆ. ಚರ್ಚಿನ ಸ್ವಂತ ಸೈಟಿಗೇ ಗುಡ್ ಫ್ರೈಡೇ ಗೊತ್ತಿಲ್ಲ! ವಾರದ ಪಟ್ಟಿಯನ್ನು ಒಮ್ಮೆ ತುಂಬಿಸಿ ಕೈ ತೊಳೆದುಕೊಂಡಿದ್ದಾರೆ. ಆ ಪುಟಕ್ಕೆ ನನ್ನಿಂದ ಐದರಲ್ಲಿ ಒಂದು ನಕ್ಷತ್ರ ಕೊಟ್ಟರೂ ಜಾಸ್ತಿ. ಆಮೇಲಿಂದ ಹಬ್ಬದ ವಾರ ಚರ್ಚ್ ಆಫೀಸಿಗೆ ಫೋನ್ ಮಾಡಿಯೇ ಸ್ಲೇಟು ಮುಟ್ಟುವುದು.

ಇಷ್ಟೆಲ್ಲ ಬೈದ ಮೇಲೆ ಎರಡು ಪುಟಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ.

ಒಂದು, ಪ್ರಶ್ನೋತ್ತರದ ಪುಟ. ಮದುವೆ ಗೊತ್ತಾದ ಹುಡುಗರು ಅಮ್ಮ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದ ಮೂವತ್ತು ವರ್ಷದ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಂದು ಲ್ಯಾಮಿನೇಷನ್ ಮಾಡಿಸಿ ಅನ್ನುತ್ತಾರೆ. ಚರ್ಚಿನಲ್ಲಿ ಅದು ನಡೆಯುವುದಿಲ್ಲ. ಆರು ತಿಂಗಳೊಳಗೆ ತೆಗೆಸಿದ ಹೊಸದೇ ಬೇಕು. ಯಾಕೆ ಅಂತ ಆ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿದ್ದಾರೆ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರಿನ ಪಕ್ಕದಲ್ಲೇ ದೃಢೀಕರಣ (ಸ್ನಾನದ ನಂತರದ ಇನ್ನೊಂದು ಸಂಸ್ಕಾರ), ಮದುವೆ ಎಲ್ಲ ಗುರುತು ಮಾಡುತ್ತಾರಂತೆ. ಹೊಸ ಪ್ರತಿ ತೆಗೆಸಿದರೆ ಆ ಹುಡುಗನಿಗೆ ಮೊದಲೇ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎಷ್ಟು ಜಾಣತನ, ಅಲ್ವಾ? ಇದನ್ನು ಓದಿ ಹೇಳಿ ನಾನು ಕಳೆದುಕೊಂಡ ಲ್ಯಾಮಿನೇಷನ್ ದುಡ್ಡು ಕಮ್ಮಿಯಲ್ಲ.

ಇನ್ನೊಂದು, ‘ಧರ್ಮಕೇಂದ್ರಗಳು’ ಅನ್ನುವ ಪುಟ. ಅಂದರೆ ಒಂದೊಂದು ಊರಿನ ಚರ್ಚು. ಫೋಟೋ ಇಲ್ಲ, ಮ್ಯಾಪ್ ಇಲ್ಲ, ಉದ್ದಕ್ಕೆ ಒಂದು ಪಟ್ಟಿ. ಪ್ರತಿ ಹೆಸರಿನ ಕೆಳಗೆ ಫೋನ್ ನಂಬರ್, ಶುರುವಾದ ವರ್ಷ, ಮತ್ತೆ ಸಣ್ಣಕ್ಷರದಲ್ಲಿ ‘ಮೊದಲು ಇಂಥ ಧರ್ಮಕೇಂದ್ರಕ್ಕೆ ಸೇರಿತ್ತು’ ಅಂತ ಒಂದು ಸಾಲು. ಆ ಸಾಲು ಯಾರಿಗೆ ಹೊಳೆಯಿತೋ, ಅವರಿಗೆ ನನ್ನ ನಮಸ್ಕಾರ.

ಯಾಕೆ ಅಂದರೆ ಗಡಿಗಳು ಬದಲಾಗುತ್ತಲೇ ಬಂದಿವೆ. ಭದ್ರಾವತಿಯನ್ನೇ ತಗೊಳ್ಳಿ. 1963ರವರೆಗೆ ಮೈಸೂರು ಧರ್ಮಪ್ರಾಂತ್ಯ, ಆಮೇಲೆ ಚಿಕ್ಕಮಗಳೂರು, 1988ರಿಂದ ಶಿವಮೊಗ್ಗ. ಕಾರ್ಕಳದವರ ಹಳೇ ಕಾಗದದ ಮೇಲೆ ಮಂಗಳೂರು ಅಂತ ಇರುತ್ತದೆ, ಆದರೆ 2012ರಲ್ಲಿ ಉಡುಪಿ ಬೇರೆಯಾಯಿತು. ಜನ ಕಾಗದದ ತಲೆಬರಹ ನೋಡಿ ಬೇರೆ ಬಿಷಪ್ ಆಫೀಸಿಗೆ ಬಸ್ ಹತ್ತುತ್ತಾರೆ. ರಿಜಿಸ್ಟರ್ ಇರುವುದು ಸ್ನಾನ ಕೊಟ್ಟ ಚರ್ಚಿನ ಬೀರುವಿನಲ್ಲಿ.

ಕಳೆದ ವರ್ಷ ಕುವೈತ್‌ನಿಂದ ಒಬ್ಬರು ವಾಟ್ಸಾಪ್ ಮಾಡಿದರು. ಹುಟ್ಟಿದ್ದು 1979ರಲ್ಲಿ. ಊರಿನ ಚರ್ಚಿಗೆ ತಮ್ಮನನ್ನು ಕಳಿಸಿದರೆ ಅಲ್ಲಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಅವರ ಹೆಸರೇ ಇಲ್ಲ. ‘ಅಲ್ಲೇ ಆಗಿದ್ದು ಮೇಡಂ, ಅಮ್ಮ ಹೇಳ್ತಿದ್ರು’ ಅಂತ ಮೂರು ಸಲ ಅಂದರು. ಪಟ್ಟಿ ತೆರೆದೆ. ಆ ಊರಿನ ಧರ್ಮಕೇಂದ್ರ ಶುರುವಾಗಿದ್ದೇ 1984ರಲ್ಲಿ. ಕೆಳಗೆ ಸಣ್ಣಕ್ಷರದಲ್ಲಿ, ಹನ್ನೆರಡು ಕಿಲೋಮೀಟರ್ ಆಚೆಯ ಇನ್ನೊಂದು ಚರ್ಚಿನ ಹೆಸರು. ನಂಬರ್ ಕಳಿಸಿದೆ. ಮರುದಿನ ರಿಜಿಸ್ಟರಿನ ಆ ಪುಟದ ಫೋಟೋ ನನಗೂ ಕಳಿಸಿದರು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅಪ್ಪನ ಹೆಸರಿನ ಮುಂದೆ ‘ಬಡಗಿ’ ಅಂತ ಇತ್ತು. ಆ ಗಿರಾಕಿಯಿಂದ ನಾನು ತಗೊಂಡಿದ್ದು ಇಪ್ಪತ್ತು ರೂಪಾಯಿ.

ಈಗ ಸೈಟಿನ ಡಿಸೈನ್ ಬದಲಾಗುತ್ತಿದೆ ಅಂತ ಸುದ್ದಿ. ಮೊನ್ನೆ ಫಾದರ್ ಪೆನ್‌ಡ್ರೈವ್ ಹಿಡಿದು ಬಂದಾಗ ಕೇಳಿಯೇಬಿಟ್ಟೆ. ಆ ಉದ್ದದ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ, ಸರ್ಚ್ ಬಾಕ್ಸ್ ಏನಾದರೂ ಮಾಡಿ ಅಂದೆ. ‘ಏನಮ್ಮ ಆಗಿದೆ ಸರ್ಚಿಗೆ?’ ಅಂದರು. ನೋಟ್‌ಬುಕ್ ತೋರಿಸಿದೆ. ನಿಂತುಕೊಂಡೇ ನಾಲ್ಕು ಪುಟ ಓದಿದರು, ‘ಮಾತಾ ಕೋವಿಲ್’ ಹತ್ತಿರ ನಕ್ಕರು, ಒಂದು ಕಾಪಿ ಕೊಡಮ್ಮ ಅಂದರು. ಬರೆದಿದ್ದಷ್ಟನ್ನೂ ಜೆರಾಕ್ಸ್ ಮಾಡಿ, ಮೂಲೆಗೆ ಪಿನ್ ಹೊಡೆದು ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ.

ನಿನ್ನೆ ರಾತ್ರಿ ಬಾಗಿಲು ಹಾಕುವ ಮುಂಚೆ ಒಮ್ಮೆ ಟೈಪ್ ಮಾಡಿ ನೋಡಿದೆ. ‘ಇಗರ್ಜಿ’ ಇನ್ನೂ ಇಲ್ಲ. ‘ಜ್ಞಾನಸ್ನಾನ’ವೂ ಇಲ್ಲ. ‘ಮೀಸ್’ ಹೊಡೆದರೆ ಮಾತ್ರ ಪೂಜೆ ವೇಳೆಯ ಪುಟ ಬಂತು.