ಡವ್ ಕಾಟೇಜ್: ಕಾಮನಬಿಲ್ಲಿನ ಕವಿತೆ ಹುಟ್ಟಿದ ಮನೆ

ಇಂಗ್ಲೆಂಡಿನ ಗ್ರಾಸ್ಮಿಯರ್‌ನಲ್ಲಿರುವ ಕವಿ ವರ್ಡ್ಸ್‌ವರ್ತ್ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ವಿಂಡರ್ಮಿಯರ್‌ನಿಂದ 555 ನಂಬರ್ ಬಸ್ಸಿದೆ, ಕಾರು ಬೇಕಿಲ್ಲ.

ಒಳಗೆ ಸ್ವಲ್ಪ ಕತ್ತಲು. ಕಲ್ಲಿನ ನೆಲ, ಗೋಡೆಗೆ ಕಪ್ಪು ಮರದ ಹಲಗೆ. ಮಹಡಿಯ ಪುಟ್ಟ ಕೋಣೆಯನ್ನು ಮಾತ್ರ ಬಿಡಬೇಡಿ. ಕವಿಯ ತಂಗಿ ಡೊರೊತಿ ಅದರ ಗೋಡೆಗೆಲ್ಲ ನ್ಯೂಸ್‌ಪೇಪರ್ ಅಂಟಿಸಿದ್ದಳು. ಅಮ್ಮ ಅಲ್ಲೇ ನಿಂತುಬಿಟ್ಟರು. ನಮ್ಮಜ್ಜಿ ಟ್ರಂಕಿನೊಳಗೆ ಹೀಗೇ ಅಂಟಿಸುತ್ತಿದ್ದರು!

1802ರ ಮಾರ್ಚ್‌ನಲ್ಲಿ, ಈ ಮನೆಯಲ್ಲಿದ್ದಾಗಲೇ ವರ್ಡ್ಸ್‌ವರ್ತ್ ಕಾಮನಬಿಲ್ಲಿನ ಕವಿತೆ ಬರೆದಿದ್ದು. ಬರೀ ಒಂಬತ್ತು ಸಾಲು. ಕಾಮನಬಿಲ್ಲು ಕಂಡರೆ ಚಿಕ್ಕಂದಿನಲ್ಲೂ ಎದೆ ಕುಣಿಯುತ್ತಿತ್ತು, ಈಗಲೂ ಕುಣಿಯುತ್ತದೆ, ಮುದುಕನಾದಾಗಲೂ ಹಾಗೇ ಇರಲಿ, ಇಲ್ಲವಾದರೆ ಸಾವೇ ಬರಲಿ ಅನ್ನುತ್ತಾನೆ. ಆಗ ಅವನಿಗೆ 31 ವರ್ಷ, ಅಷ್ಟೇ. ಕಾಲೇಜಿನಲ್ಲಿ ಪರೀಕ್ಷೆಗೆ ಓದಿದಾಗ ಆ ಕೊನೆಯ ಮಾತು ಜಾಸ್ತಿಯಾಯಿತು ಅನಿಸಿತ್ತು. ಅಲ್ಲಿ ನಿಂತಾಗ ಹಾಗನಿಸಲಿಲ್ಲ.

ಹಿತ್ತಲಿನ ತೋಟಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಗುಡ್ಡದ ಇಳಿಜಾರಿನಲ್ಲಿದೆ, ಹುಷಾರಾಗಿ ಹತ್ತಬೇಕು. ಮಳೆ ನಿಂತಿತ್ತು. ಮಂಡಿನೋವಿನ ಅಮ್ಮ ಮೇಲೆ ಹತ್ತಿ, ಜರೀಗಿಡದ ಎಲೆ ಮೇಲಿನ ಹನಿಯನ್ನು ಬೆರಳಿಂದ ಮುಟ್ಟಿ, 'ಬಾ ಇಲ್ಲಿ, ನೋಡು' ಅಂತ ಕೂಗಿದರು.